ಜ್ವರದ ಮನೆಯಲ್ಲಿ ಬಾಯಿಯ ಆರೈಕೆ

(ಗುಡವಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಎಂದರೆ ಸಾಹಿತ್ಯ, ಶಾಸನ, ಇತಿಹಾಸಗಳ ಮಾತು ಎಂಬ ರೂಢಿ ನಮ್ಮಲ್ಲಿದೆ. ಬನವಾಸಿ ಇಷ್ಟು ಹತ್ತಿರ ಇರುವಾಗ ಆ ನಿರೀಕ್ಷೆ ಸಹಜವೇ. ಆದರೆ ಈ ದತ್ತಿಯವರು ಊರವರ ನಿತ್ಯದ ಬದುಕಿಗೆ ಒದಗುವ ವಿಷಯವನ್ನೇ ಆರಿಸಿಕೊಳ್ಳಿ ಎಂದರು. ನಾನು ಹಲ್ಲಿನ ವೈದ್ಯ. ಮಲೆನಾಡಿನ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಳಿ ಬರುವ ಬಾಯಿಗಳಲ್ಲಿ ಹಲವು ಕೆಡುವುದು ಶೀತ, ಕೆಮ್ಮು, ಜ್ವರಗಳ ಆ ನಾಲ್ಕೈದು ವಾರಗಳಲ್ಲೇ. ಅದಕ್ಕಾಗಿ ಇಂದಿನ ಮಾತು ಜ್ವರ ಬಂದ ಮನೆಯ ಬಾಯಿಗಳ ಬಗ್ಗೆ.

ನಿಮ್ಮ ಕೆರೆಗೆ ಕರಿತಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಲು ಬರುವುದು ಜೂನ್ ಹೊತ್ತಿಗೆ. ಶಾಲೆಯಲ್ಲಿ ಕೆಮ್ಮಿನ ಸದ್ದು ಏಳುವುದೂ ಆಗಲೇ. ಹಾಗಾಗಿ ಹಕ್ಕಿಗಳಿಂದಲೇ ಜ್ವರ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಇನ್‌ಫ್ಲುಯೆಂಜಾ ವೈರಸ್ಸಿನ ಒಂದು ಬಗೆಗೆ ಕಾಡಿನ ನೀರುಹಕ್ಕಿಗಳೇ ಮೂಲ ನೆಲೆ ಎಂಬುದು ನಿಜ. ಆದರೆ ವರ್ಷವರ್ಷವೂ ನಮ್ಮ ಮನೆಗಳಲ್ಲಿ ಓಡಾಡುವ ಫ್ಲೂ ಮನುಷ್ಯರಿಂದ ಮನುಷ್ಯರಿಗೆ, ಕೆಮ್ಮು ಸೀನುಗಳ ಮೂಲಕ, ಮುಟ್ಟಿದ ಕೈಗಳ ಮೂಲಕ ಹರಡುವಂಥದ್ದು. ದಂಡೆಯ ಮೇಲೆ ನಿಂತು ಹಕ್ಕಿ ನೋಡಿದರೆ ಯಾರಿಗೂ ಅದು ಬರುವುದಿಲ್ಲ. ಸತ್ತ ಹಕ್ಕಿ ಕಂಡರೆ ಮಾತ್ರ ಬರಿಗೈಯಲ್ಲಿ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಬಾರಿ ಏರುತ್ತದೆ. ಒಮ್ಮೆ ಮಳೆಯ ತಿಂಗಳುಗಳಲ್ಲಿ, ಇನ್ನೊಮ್ಮೆ ಜನವರಿಯಿಂದ ಮಾರ್ಚ್‌ವರೆಗೆ. ಈ ಎರಡನೆಯ ಏರು ಸೊರಬ ತಾಲ್ಲೂಕಿನವರಾದ ನಮಗೆ ಯಾಕೆ ವಿಶೇಷ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಎಂಜಲಿನ ವಿಚಾರ. ಆರೋಗ್ಯವಂತ ದೊಡ್ಡವರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಎಂಜಲು ಊರುತ್ತದೆ. ಹಲ್ಲಿಗೆ ಅಂಟಿದ ಸಿಹಿಯನ್ನು ತೊಳೆಯುವುದು, ಬ್ಯಾಕ್ಟೀರಿಯಾ ಆ ಸಿಹಿಯಿಂದ ಮಾಡಿದ ಹುಳಿಯನ್ನು ತಗ್ಗಿಸುವುದು, ಹಲ್ಲು ಕಳೆದುಕೊಂಡ ಖನಿಜವನ್ನು ಮರಳಿ ತುಂಬುವುದು ಎಲ್ಲವೂ ಅದರ ಕೆಲಸ. ನಿದ್ದೆಯಲ್ಲಿ ಅದು ಬಹುಪಾಲು ನಿಲ್ಲುತ್ತದೆ. ಶೀತವಾದಾಗ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತೇವೆ, ಬಾಯಿ ಒಣಗುತ್ತದೆ. ಜ್ವರದಲ್ಲಿ ಮೈಯ ನೀರು ಇಳಿಯುತ್ತದೆ. ಮೂಗು ಸೋರುವುದನ್ನು ನಿಲ್ಲಿಸಲು ನುಂಗುವ ಮಾತ್ರೆಗಳಲ್ಲಿ ಬಹಳಷ್ಟು ಎಂಜಲನ್ನೂ ಒಣಗಿಸುತ್ತವೆ. ಹೀಗೆ ಹಲ್ಲಿನ ಕಾವಲು ಸಡಿಲವಾದ ದಿನಗಳಲ್ಲೇ ನಾವು ಬಾಯಿಗೆ ಹೆಚ್ಚು ಸಿಹಿ ಹಾಕುತ್ತೇವೆ. ಬೆಲ್ಲದ ಕಷಾಯ, ಕಲ್ಲುಸಕ್ಕರೆ, ಜೇನು, ಗ್ಲೂಕೋಸ್ ನೀರು, ಗಂಟಲಿಗೆ ಚೀಪುವ ಗುಳಿಗೆ, ಕೆಮ್ಮಿನ ಸಿರಪ್. ಊಟ ಸೇರದ ಮಗುವಿಗೆ ಬ್ರೆಡ್ಡು, ಬಿಸ್ಕತ್ತು.

ಕಷಾಯ ಬಿಡಿ ಎಂದು ಹೇಳಲು ನಾನು ಬಂದಿಲ್ಲ. ಶುಂಠಿ, ಕಾಳುಮೆಣಸು, ದೊಡ್ಡಪತ್ರೆಯ ಬಿಸಿ ಕಷಾಯ ಗಂಟಲಿಗೆ ಹಿತ, ಮೈಗೆ ನೀರು. ಒಂದು ವರ್ಷ ದಾಟಿದ ಮಕ್ಕಳ ಕೆಮ್ಮಿಗೆ ಜೇನಿನಿಂದ ಉಪಶಮನ ಸಿಗುತ್ತದೆ ಎಂಬುದಕ್ಕೆ ಆಧಾರವಿದೆ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಅಷ್ಟು ಎಳೆಯ ಕರುಳಿನಲ್ಲಿ ಮೊಳೆತು ಬಾಟುಲಿಸಂ ಎಂಬ ಪ್ರಾಣಕ್ಕೇ ಎರವಾಗುವ ಕಾಯಿಲೆ ತರಬಲ್ಲವು.

ನನ್ನ ತಕರಾರು ಕುಡಿಯುವ ರೀತಿಯ ಬಗ್ಗೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲೆ ಹುಳಿ ಏರುತ್ತದೆ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಖನಿಜವನ್ನು ಬಿಟ್ಟುಕೊಡತೊಡಗುತ್ತದೆ. ಎಂಜಲು ಅದನ್ನು ಸರಿಪಡಿಸಲು ಸುಮಾರು ಅರ್ಧ ಗಂಟೆಯಾದರೂ ಬೇಕು. ಜೋನಿಬೆಲ್ಲದ ಕಷಾಯವನ್ನು ಫ್ಲಾಸ್ಕಿನಲ್ಲಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಗುಟುಕು ಗುಟುಕಾಗಿ ಕುಡಿದರೆ ಆ ಅರ್ಧ ಗಂಟೆ ಸಿಗುವುದೇ ಇಲ್ಲ. ನೀವು ತೋಟದವರು, ನಿಮಗೆ ಬೇಗ ಅರ್ಥವಾಗುತ್ತದೆ: ಆಷಾಢದ ಮಳೆ ನಡುವೆ ಹೊಳವು ಕೊಟ್ಟರೆ ಅಡಿಕೆ ತಡೆದುಕೊಳ್ಳುತ್ತದೆ, ಹೊಳವೇ ಇಲ್ಲದೆ ಹಿಡಿದರೆ ಕೊಳೆ ಬೀಳುತ್ತದೆ. ಹಲ್ಲಿಗೂ ಹೊಳವು ಬೇಕು. ಕಷಾಯವನ್ನು ಬಿಸಿಯಿರುವಾಗಲೇ ಒಮ್ಮೆಗೆ ಕುಡಿದು ಮುಗಿಸಿ, ಮೇಲೆ ಎರಡು ಗುಟುಕು ನೀರು ಕುಡಿಯಿರಿ. ನಡುನಡುವೆ ಗಂಟಲು ಒಣಗಿದರೆ ಬರೀ ಬಿಸಿನೀರು, ಜೀರಿಗೆ ನೀರು ಸಾಕು. ಬೆಲ್ಲ ಸಕ್ಕರೆಯಂತಲ್ಲ, ಏನೂ ಮಾಡದು ಎನ್ನುವವರಿದ್ದಾರೆ. ಹಲ್ಲಿನ ಬ್ಯಾಕ್ಟೀರಿಯಾಗಳಿಗೆ ಎರಡೂ ಒಂದೇ.

ಮಕ್ಕಳ ಸಿರಪ್ಪಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಹಿ ಮುಚ್ಚಲು ಅದರಲ್ಲಿ ಸಕ್ಕರೆ ಇರುತ್ತದೆ, ಹಲವುಗಳಲ್ಲಿ ಹುಳಿಯೂ ಇರುತ್ತದೆ. ತಾಯಂದಿರು ಅದನ್ನು ಕೊಡುವುದು ಹೆಚ್ಚಾಗಿ ರಾತ್ರಿ, ಮಗು ಹಲ್ಲುಜ್ಜಿ ಮಲಗಿದ ಮೇಲೆ, ಕೆಮ್ಮು ಹೆಚ್ಚಾದಾಗ. ಎಂಜಲು ನಿಂತಿರುವ ಬಾಯಲ್ಲಿ ಆ ಅಂಟು ಬೆಳಗಿನವರೆಗೂ ಕೂತಿರುತ್ತದೆ. ಮುಂದಿನ ಮೇಲ್ಹಲ್ಲುಗಳ ಒಸಡಿನಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಮೂಡುವುದು ಹೀಗೆ. ಆ ಹಂತದಲ್ಲಿ ಬಂದರೆ ಫ್ಲೋರೈಡ್ ಲೇಪದಿಂದ ತಡೆಯಬಹುದು, ಕಂದು ತಿರುಗಿ ಕುಳಿ ಬಿದ್ದ ಮೇಲೆ ಅದು ಸಾಲದು. ಆದ್ದರಿಂದ ಸಿರಪ್ ಊಟದ ಜೊತೆಗೋ ಹಲ್ಲುಜ್ಜುವುದಕ್ಕೆ ಮೊದಲೋ ಇರಲಿ. ನಡುರಾತ್ರಿ ಕೊಡಲೇಬೇಕಾಗಿ ಬಂದರೆ ನೀರು ಕುಡಿಸಿ, ಒದ್ದೆ ಬಟ್ಟೆಯಲ್ಲಿ ಹಲ್ಲು ಒರೆಸಿ ಮಲಗಿಸಿ. ಹಾಲಿನ ಬಾಟಲಿ ಬಾಯಲ್ಲಿಟ್ಟೇ ಮಲಗಿಸುವ ರೂಢಿಯನ್ನು ಶೀತದ ನೆಪದಲ್ಲಿ ಶುರು ಮಾಡಬೇಡಿ. ಜ್ವರ ಬಿಟ್ಟರೂ ಆ ಅಭ್ಯಾಸ ಬಿಡುವುದಿಲ್ಲ.

ಇದಕ್ಕೂ ಮುಂಚಿನ ಪ್ರಶ್ನೆಯೊಂದಿದೆ. ಆ ಸಿರಪ್ ಬೇಕೇ? ಶೀತಕ್ಕೆಂದು ಮಾರುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಚೀಟಿಯ ಮೇಲೆ ಅಚ್ಚು ಹಾಕಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದರು. ಅಂಗಡಿಯಲ್ಲಿ ಸಿಕ್ಕಿತೆಂದು, ಅಣ್ಣನಿಗೆ ಬರೆದುಕೊಟ್ಟಿದ್ದು ಮಿಕ್ಕಿದೆಯೆಂದು ತಮ್ಮನಿಗೆ ಕುಡಿಸಬೇಡಿ. ಮಕ್ಕಳ ಶೀತ ಬಹುಪಾಲು ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಉಸಿರಾಟ ಕಷ್ಟವಾದರೆ, ಎದೆ ಒಳಗೆ ಸೆಳೆದರೆ, ಮಗು ಹಾಲು ನೀರು ಬಿಟ್ಟರೆ ಅದು ಆಸ್ಪತ್ರೆಯ ವಿಷಯ.

ಜ್ವರದಲ್ಲಿ ವಾಂತಿ ಆಗುತ್ತದೆ. ವಾಂತಿಯಾದ ಕೂಡಲೇ ಬಾಯಿ ಹೊಲಸಾಯಿತೆಂದು ತಿಕ್ಕಿ ಹಲ್ಲುಜ್ಜುವವರೇ ಹೆಚ್ಚು. ಹೊಟ್ಟೆಯ ಹುಳಿ ತಾಗಿ ಆ ಕ್ಷಣದಲ್ಲಿ ಎನಾಮಲ್ ಮೆತ್ತಗಾಗಿರುತ್ತದೆ, ಬ್ರಷ್ ಅದನ್ನು ಸವೆಸುತ್ತದೆ. ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಕಳೆದ ಮೇಲೆ ಉಜ್ಜಿ. ಕೆಮ್ಮು ದಮ್ಮಿಗೆ ಸ್ಟೆರಾಯ್ಡ್ ಬೆರೆತ ಇನ್‌ಹೇಲರ್ ಸೇದುವವರು ಪ್ರತಿ ಬಾರಿ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಅದರಲ್ಲಿನ ಸ್ಟೆರಾಯ್ಡ್‌ನಿಂದ ನಾಲಿಗೆಯ ಮೇಲೆ, ಅಂಗುಳದಲ್ಲಿ ಮೊಸರಿನಂಥ ಬಿಳಿ ಬೂಷ್ಟು ಕಟ್ಟಬಹುದು.

ಬಚ್ಚಲುಮನೆಯ ಕಡೆ ಒಮ್ಮೆ ನೋಡಿ. ಮನೆಮಂದಿಯ ಬ್ರಷ್ಷುಗಳೆಲ್ಲ ಒಂದೇ ಸ್ಟೀಲ್ ಲೋಟದಲ್ಲಿ, ತಲೆಗೆ ತಲೆ ತಾಗಿಸಿಕೊಂಡು ನಿಂತಿರುತ್ತವೆ. ಪೇಸ್ಟಿನ ಟ್ಯೂಬಿನ ಬಾಯಿಗೆ ಎಲ್ಲರ ಬ್ರಷ್ಷೂ ತಾಗುತ್ತದೆ. ನಮ್ಮ ಮಳೆಗಾಲದಲ್ಲಿ ಅವು ಒಣಗುವುದೇ ಇಲ್ಲ. ಫ್ಲೂ ವೈರಸ್ಸು ಗಟ್ಟಿ ಪ್ಲಾಸ್ಟಿಕ್ಕಿನಂಥ ಮೇಲ್ಮೈಯಲ್ಲಿ ಒಂದೆರಡು ದಿನ ಉಳಿಯಬಲ್ಲದು. ಕಾಯಿಲೆಯವರ ಬ್ರಷ್, ಪೇಸ್ಟ್, ಲೋಟ, ಟವೆಲ್ ಬೇರೆ ಇಡಿ. ಬ್ರಷ್ಷನ್ನು ತೊಳೆದು ಗಾಳಿಯಾಡುವ ಕಿಟಕಿಯ ಬಳಿ ನೆಟ್ಟಗೆ ನಿಲ್ಲಿಸಿ, ಮುಚ್ಚಳದೊಳಗೆ ಒದ್ದೆಯಾಗಿ ಮುಚ್ಚಬೇಡಿ. ಜ್ವರ ಬಿಟ್ಟ ಮೇಲೆ ಅದೇ ಬ್ರಷ್ಷಿನಿಂದ ಅದೇ ಫ್ಲೂ ಅವರಿಗೇ ಮರಳಿ ಬರುತ್ತದೆಂಬ ಭಯ ಬೇಡ, ಮೈಯಲ್ಲಿ ಅದಕ್ಕೆ ಪ್ರತಿರೋಧ ಬೆಳೆದಿರುತ್ತದೆ. ಮೂರು ತಿಂಗಳಾಗಿದ್ದರೆ, ಎಳೆಗಳು ಕೆದರಿದ್ದರೆ ಹೇಗೂ ಬದಲಿಸಬೇಕು. ಜ್ವರದ ಜೊತೆಗೆ ತುಟಿಯಂಚಿನಲ್ಲಿ ಏಳುವ ನೀರುಗುಳ್ಳೆಗಳು ಹರ್ಪಿಸ್ ಎಂಬ ಬೇರೆ ವೈರಸ್ಸಿನವು. ಗುಳ್ಳೆ ಒಣಗುವವರೆಗೆ ಎಳೆಗೂಸಿಗೆ ಮುತ್ತು ಕೊಡಬಾರದು, ಲೋಟ ಹಂಚಿಕೊಳ್ಳಬಾರದು.

ಮೂಗು ಕಟ್ಟಿದ ವಾರದಲ್ಲಿ ದವಡೆ ಹಲ್ಲು ಕೀಳಿಸಬೇಕೆಂದು ಬರುವವರಿದ್ದಾರೆ. ಮೇಲಿನ ದವಡೆ ಹಲ್ಲುಗಳ ಬೇರುಗಳು ಸೈನಸ್ ಎಂಬ ಗಾಳಿಗೂಡಿನ ತಳಕ್ಕೆ ತೀರಾ ಹತ್ತಿರ. ಅಲ್ಲಿ ಊತವಾದರೆ ನೋವು ಹಲ್ಲಿನಲ್ಲೇ ಇದ್ದಂತೆ ಅನಿಸುತ್ತದೆ. ಸಸಿ ನೆಡಲು ಬಗ್ಗಿದಾಗ ನೋವು ಹೆಚ್ಚಾದರೆ, ಒಂದೇ ಬದಿಯ ಮೂರು ನಾಲ್ಕು ಮೇಲ್ಹಲ್ಲುಗಳು ಒಟ್ಟಿಗೆ ಜೋಮು ಹಿಡಿದಂತಾದರೆ ಅದು ಬಹುತೇಕ ಸೈನಸ್ಸಿನದು, ಶೀತದ ಜೊತೆಗೇ ಇಳಿಯುತ್ತದೆ. ಒಂದೇ ಹಲ್ಲು ಬಿಸಿ ತಣ್ಣನೆಗೆ ಚುರ್ರೆಂದು ಹಿಡಿದುಕೊಂಡರೆ, ರಾತ್ರಿ ನಿದ್ದೆ ಕೆಡಿಸಿದರೆ ಅದು ಹುಳುಕಿನದು. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ವಾರಗಟ್ಟಲೆ ಬರುತ್ತಿದ್ದರೆ ಕೊಳೆತ ಮೇಲ್ಹಲ್ಲೇ ಅದಕ್ಕೆ ಕಾರಣವಾಗಿರಬಹುದು.

ಹಲ್ಲುನೋವಿನ ಮಾತು ಬಂದಾಗ ಮಾತ್ರೆಯ ಮಾತು ಬಂದೇ ಬರುತ್ತದೆ. ಇಂದಿನ ಉಪನ್ಯಾಸದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಕೇಳುತ್ತೇನೆ. ಹಲ್ಲುನೋವಿಗೆಂದು ತಂದ ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್‌ಗಳಂಥ ಮಾತ್ರೆಗಳು ಪ್ರತಿ ಮನೆಯ ಡಬ್ಬಿಯಲ್ಲೂ ಒಂದೆರಡು ಮಿಕ್ಕಿರುತ್ತವೆ. ಜ್ವರ, ಮೈಕೈ ನೋವು ಬಂದಾಗ ಕೈ ಅತ್ತ ಹೋಗುತ್ತದೆ. ಈ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ, ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡುತ್ತವೆ. ಬಂದಿರುವುದು ಬರೀ ಫ್ಲೂ ಆಗಿದ್ದರೆ ದೊಡ್ಡವರು ಹೇಗೋ ಪಾರಾದಾರು. ಮಕ್ಕಳಿಗೆ ಫ್ಲೂ ಜ್ವರದಲ್ಲಿ ಆಸ್ಪಿರಿನ್ ಕೊಟ್ಟರೆ ಮಿದುಳು, ಯಕೃತ್ತುಗಳಿಗೆ ತಗಲುವ ರೈ ಸಿಂಡ್ರೋಮ್ ಎಂಬ ಅಪಾಯವಿದೆ. ಬಂದಿರುವುದು ಡೆಂಗಿ ಆಗಿದ್ದರೆ, ಇಲ್ಲವೇ ಮಂಗನ ಕಾಯಿಲೆ ಆಗಿದ್ದರೆ, ಆ ಒಂದು ಮಾತ್ರೆ ರಕ್ತಸ್ರಾವಕ್ಕೆ ದಾರಿ ಮಾಡಬಹುದು.

ಮಂಗನ ಕಾಯಿಲೆಯ ಬಗ್ಗೆ ಸೊರಬದವರಿಗೆ ಹೊರಗಿನವರು ಹೇಳಬೇಕಾಗಿಲ್ಲ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಅದಕ್ಕೆ ಇರುವ ಹೆಸರೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನದು. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಕಾಡಿಗೆ ಹೋಗಿಬಂದ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಎಂದು ಆತಂಕಪಟ್ಟರು. ಅದು ಉಣುಗಿನಿಂದ ಹರಡುವ ಹೊಸ ವೈರಸ್ಸು ಎಂದು ತಿಳಿದದ್ದು ಆಮೇಲೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಜ್ವರ, ಹಣೆಯ ನೋವು, ತಾಳಲಾರದ ಮೈಕೈ ನೋವು. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಅನೇಕ ವರ್ಷ ಕೊಡುತ್ತಿದ್ದ ಹಳೆಯ ಲಸಿಕೆ 2022ರಲ್ಲಿ ನಿಂತುಹೋಗಿದೆ. ಆದ್ದರಿಂದ ಉಳಿದಿರುವ ದಾರಿ ಎಂದರೆ ದರಕು ಗುಡಿಸಲು, ಸೊಪ್ಪು ತರಲು ಹೋಗುವ ಮುಂಚೆ ಉಣುಗು ಹತ್ತದಂತೆ ಡೇಪಾ ತೈಲ ಹಚ್ಚಿಕೊಳ್ಳುವುದು, ಬಂದ ಮೇಲೆ ಬಿಸಿನೀರು ಸ್ನಾನ, ಮತ್ತು ಜ್ವರ ಬಂದರೆ ಬೇಗ ಗುರುತಿಸುವುದು.

ಬೇಗ ಗುರುತಿಸುವುದರಲ್ಲಿ ಬಾಯಿ ನೆರವಾಗುತ್ತದೆ. ಮಂಗನ ಕಾಯಿಲೆಯ ರೋಗಿಗಳಲ್ಲಿ ಅಂಗುಳದ ಹಿಂಭಾಗದ ಮೆದು ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುವುದನ್ನು ವೈದ್ಯರು ಮೊದಲಿನಿಂದಲೂ ದಾಖಲಿಸಿದ್ದಾರೆ. ಕೆಲವರಲ್ಲಿ ಒಸಡಿನಿಂದ, ಮೂಗಿನಿಂದ ರಕ್ತ ಬರುತ್ತದೆ. ಡೆಂಗಿಯಲ್ಲೂ ಒಸಡಿನ ರಕ್ತ ಅಪಾಯದ ಸೂಚನೆ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಫ್ಲೂವಿನ ಎರಡನೆಯ ಏರು ಜನವರಿಯಿಂದ ಮಾರ್ಚ್‌ವರೆಗೆ ಎಂದೆನಲ್ಲ, ಎರಡೂ ಒಂದರ ಮೇಲೊಂದು ಬೀಳುತ್ತವೆ. ಊರಲ್ಲೆಲ್ಲ ಫ್ಲೂ ಇದೆ, ಇದೂ ಅದೇ ಇರಬೇಕು ಎಂದು ಮೂರು ದಿನ ಕಾಯುವುದು ಬೇರೆ ತಾಲ್ಲೂಕಿನಲ್ಲಿ ಸಣ್ಣ ತಪ್ಪಾಗಬಹುದು, ನಮ್ಮಲ್ಲಿ ಹಾಗಲ್ಲ. ಒಸಡಿನ ರಕ್ತ ಬಹಳ ಮಂದಿಗೆ ಹೊಸದಲ್ಲ ಎಂಬುದೇ ಇನ್ನೊಂದು ತೊಡಕು. ವರ್ಷವಿಡೀ ಒಸಡು ಊದಿಕೊಂಡು ಬ್ರಷ್ ತಾಗಿದರೆ ರಕ್ತ ಬರುವವರಿಗೆ ಜ್ವರದ ರಕ್ತ ಬೇರೆಯಾಗಿ ಕಾಣುವುದಿಲ್ಲ. ಒಸಡನ್ನು ಸ್ವಚ್ಛವಾಗಿಟ್ಟುಕೊಂಡವರಿಗೆ ಮಾತ್ರ ಆ ಎಚ್ಚರಿಕೆ ಕಾಣಿಸುತ್ತದೆ. ಬಂದಿರುವುದು ಯಾವ ಜ್ವರವೆಂದು ಮನೆಯಲ್ಲಿ ತಿಳಿಯುವಂತಿಲ್ಲ, ಹಾಗಾಗಿ ಯಾವ ಜ್ವರಕ್ಕೂ ಮೊದಲು ಪ್ಯಾರಾಸಿಟಮಾಲ್ ಹೊರತು ಬೇರೆ ನೋವಿನ ಮಾತ್ರೆ ಬೇಡ. ಅದೂ ವಯಸ್ಸು ತೂಕಕ್ಕೆ ತಕ್ಕ ಅಳತೆಯಲ್ಲಿ. ಹಲ್ಲುನೋವೂ ಜ್ವರವೂ ಒಟ್ಟಿಗೆ ಇದ್ದರೆ ವೈದ್ಯರಿಗೆ ಎರಡನ್ನೂ ಹೇಳಿ. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಗುಳಿಗೆ ಒತ್ತಿಟ್ಟುಕೊಳ್ಳುವುದು, ಲವಂಗದ ಎಣ್ಣೆಯನ್ನು ಒಸಡಿಗೆ ಸುರಿಯುವುದು ಎರಡೂ ಬಾಯಿಯ ಚರ್ಮವನ್ನು ಸುಡುತ್ತವೆ.

ಇನ್ನು ಹಿರಿಯರು. ಜ್ವರ ಬಂದ ಅಜ್ಜ ಅಜ್ಜಿಗೆ ಗಂಜಿ ಕೊಡುತ್ತೇವೆ, ಕಂಬಳಿ ಹೊದಿಸುತ್ತೇವೆ, ಕಾಲು ಒತ್ತುತ್ತೇವೆ. ಬಾಯಿ ತೊಳೆಸುವವರು ಕಡಿಮೆ. ಕಟ್ಟಿಸಿದ ಹಲ್ಲಿನ ಸೆಟ್ಟು ವಾರಗಟ್ಟಲೆ ಬಾಯಲ್ಲೇ ಇರುತ್ತದೆ. 1918ರ ಮಹಾ ಇನ್‌ಫ್ಲುಯೆಂಜಾದಲ್ಲಿ ಸತ್ತವರ ಶ್ವಾಸಕೋಶದ ಮಾದರಿಗಳನ್ನು ಅಮೆರಿಕದ ವಿಜ್ಞಾನಿಗಳು 2008ರಲ್ಲಿ ಮತ್ತೆ ಪರೀಕ್ಷಿಸಿದಾಗ, ಬಹುಪಾಲು ಸಾವಿಗೆ ವೈರಸ್ಸಿನ ಬೆನ್ನಿಗೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಕಾರಣವೆಂದು ಕಂಡುಬಂತು. ಮೂಗು ಗಂಟಲುಗಳಲ್ಲಿ ಸಾಮಾನ್ಯವಾಗಿ ಇರುವ ಬ್ಯಾಕ್ಟೀರಿಯಾಗಳೇ ಅವು. ಹಾಸಿಗೆ ಹಿಡಿದ ಮುದುಕರಲ್ಲಿ ಬಾಯಿಯ ಕೊಳೆ ಎಂಜಲಿನೊಂದಿಗೆ ನಿದ್ದೆಯಲ್ಲಿ ಉಸಿರ್ನಾಳಕ್ಕೆ ಜಾರುತ್ತದೆ. ಜಪಾನಿನ ಯೋನೆಯಾಮಾ ಮತ್ತವರ ಸಂಗಡಿಗರು 11 ವೃದ್ಧಾಶ್ರಮಗಳ 366 ಹಿರಿಯರನ್ನು ಎರಡು ವರ್ಷ ಗಮನಿಸಿದರು. ಪ್ರತಿ ಊಟದ ಬಳಿಕ ಆರೈಕೆಯವರೇ ಹಲ್ಲುಜ್ಜಿಸಿ, ವಾರಕ್ಕೊಮ್ಮೆ ಹಲ್ಲಿನ ಆರೈಕೆಯವರು ಶುಚಿ ಮಾಡಿದವರಲ್ಲಿ ನೂರಕ್ಕೆ 11 ಮಂದಿಗೆ ನ್ಯುಮೋನಿಯಾ ಬಂತು. ಹಾಗೆ ಮಾಡದವರಲ್ಲಿ ನೂರಕ್ಕೆ 19 ಮಂದಿಗೆ. ಒಂದು ಬ್ರಷ್ಷಿನಿಂದ ಇಷ್ಟಾಗುವುದಾದರೆ ಅದನ್ನು ಆರೈಕೆಯಿಂದ ಹೊರಗಿಡಲು ನಮಗೆ ಯಾವ ಕಾರಣವೂ ಇಲ್ಲ. ಹಿರಿಯರನ್ನು ದಿಂಬಿಗೆ ಒರಗಿಸಿ ಕೂರಿಸಿ, ಮೆದು ಬ್ರಷ್ಷಿನಲ್ಲಿ ಹಲ್ಲು, ಒಸಡು, ನಾಲಿಗೆ ಒರೆಸಿ. ಸೆಟ್ಟನ್ನು ರಾತ್ರಿ ತೆಗೆದು, ಉಜ್ಜಿ, ತಣ್ಣೀರಿನಲ್ಲಿ ಇಡಿ. ಕುದಿಯುವ ನೀರು ಬೇಡ, ಆಕಾರ ಕೆಡುತ್ತದೆ. ಪ್ರತಿವರ್ಷದ ಫ್ಲೂ ಲಸಿಕೆಯ ಬಗ್ಗೆ ಹಿರಿಯರೂ ಗರ್ಭಿಣಿಯರೂ ವೈದ್ಯರನ್ನು ಕೇಳಲಿ.

ಅಡಿಕೆಯ ಊರಲ್ಲಿ ನಿಂತು ಎಲೆಯಡಿಕೆಯ ಕವಳದ ಮಾತನ್ನು ಹಾರಿಸಿ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಳೆಯ ಚಳಿಗೆ, ಕೆಮ್ಮಿಗೆ ಕವಳ ಹಿತ ಎಂದು ಜ್ವರದಲ್ಲೂ ಹಾಕುವವರಿದ್ದಾರೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೀರ್ಮಾನಿಸಿದೆ. ಬೆಳೆಗಾರರಿಗೆ ಇದು ನೋವಿನ ಮಾತು, ಅವರ ಬದುಕಿನ ಪ್ರಶ್ನೆ ಅದರಲ್ಲಿದೆ ಎಂಬುದನ್ನು ಬಲ್ಲೆ. ವೈದ್ಯನಾಗಿ ಹೇಳದೆ ಇರಲಾರೆ. ಕವಳ ಹಾಕುವವರಲ್ಲಿ ಖಾರ ತಾಗಿದರೆ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಬಿಳಚಿ ಬಿಗಿಯುವುದು, ಬಾಯಿ ಮೊದಲಿನಷ್ಟು ತೆರೆಯದಿರುವುದು, ಇವನ್ನು ಜ್ವರದ ನಂತರದ ಉಷ್ಣ ಎಂದು ಎಳನೀರು ಕುಡಿದು ತಿಂಗಳುಗಟ್ಟಲೆ ಕಾಯುತ್ತಾರೆ. ಎರಡು ವಾರದಲ್ಲಿ ಮಾಯದ ಯಾವ ಹುಣ್ಣನ್ನೂ, ಯಾವ ಉರಿಯನ್ನೂ ತೋರಿಸಲೇಬೇಕು.

ಕೊನೆಯದಾಗಿ ಸಭೆಯಲ್ಲಿರುವ ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿಯ ಅಕ್ಕಂದಿರಿಗೆ, ಶಾಲೆಯ ಮೇಷ್ಟ್ರುಗಳಿಗೆ ನನ್ನ ವಿನಂತಿ. ಜ್ವರದ ಮನೆಗೆ ಹೋದಾಗ ಹಣೆ ಮುಟ್ಟಿ ನೋಡುವ ಹಾಗೆಯೇ ಬಾಯನ್ನೂ ತೆರೆಸಿ, ಟಾರ್ಚ್ ಹಿಡಿದು ನೋಡಿ. ಮಗುವಿನ ಮುಂದಿನ ಹಲ್ಲಿನಲ್ಲಿ ಬಿಳಿ ಗೆರೆ ಇದೆಯೇ, ಅಜ್ಜಿಯ ಬಾಯಿ ಒಣಗಿದೆಯೇ, ಅಂಗುಳದಲ್ಲಿ ಗುಳ್ಳೆ ಇದೆಯೇ, ಒಸಡಿನಲ್ಲಿ ರಕ್ತ ಇದೆಯೇ, ಡಬ್ಬಿಯಿಂದ ಯಾವ ಮಾತ್ರೆ ನುಂಗಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಜ್ವರದ ಜೊತೆ ಒಸಡಿನ ರಕ್ತ ಕಂಡರೆ ಮರುದಿನಕ್ಕೆ ಬಿಡಬೇಡಿ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ.